ಒಂದು ವಾಲ್ವ್ ಹೊಸದು, ಒಂದು ಹಳೆಯದು

ಇದನ್ನು ಬರೆದುಕೊಡುತ್ತೇನೆ ಎಂದು ನಾನು ಎಷ್ಟು ಸಲ ಮುಂದೂಡಿದ್ದೇನೆಂದರೆ, ನಮ್ಮ ಕನ್ನಡ ಸಂಘದ ಪತ್ರಿಕೆಯ ಸಂಪಾದಕರು ಈಗ ಕೇಳುವುದನ್ನೇ ಬಿಟ್ಟಿದ್ದಾರೆ. ಮೊದಲು ಬೇಸಿಗೆ ಎಂದೆ. ಆಮೇಲೆ ಚಳಿ, ಹೊಗೆ, ಕೆಮ್ಮು ಎಂದೆ. ಆಮೇಲೆ ಕಣ್ಣಿನ ಪೊರೆಯ ಆಪರೇಷನ್ ಎಂದೆ. ದಿಲ್ಲಿಯಲ್ಲಿ ನೀರಿಗೆ ಬರ ಬರಬಹುದು, ನೆಪಕ್ಕೆ ಬರವಿಲ್ಲ. ನಿಜವಾದ ಕಾರಣ ಒಂದೇ: ಇದರಲ್ಲಿ ಒಬ್ಬನ ಹೆಸರು ಬರೆಯಬೇಕು. ಅದನ್ನು ಕೊನೆಗೆ ಬರೆಯುತ್ತೇನೆ. ಮೊದಲೇ ಬರೆದರೆ ಮುಂದಿನ ಸಾಲು ಬರುವುದಿಲ್ಲ. ನನ್ನ ಧೈರ್ಯದ ಅಳತೆ ನನಗೆ ಗೊತ್ತು.

ಅದಕ್ಕೇ ಮೊದಲು ವಾಲ್ವ್ ವಿಷಯ.

ಮಯೂರ್ ವಿಹಾರದ ನಮ್ಮ ಮನೆಯ ಒಳಕೋಣೆಯಲ್ಲಿ ಒಂದು ಗಿಟಾರ್ ಆಂಪ್ಲಿಫೈಯರ್ ಇದೆ. ಟ್ರಂಕಿನಷ್ಟು ದೊಡ್ಡದು, ಟ್ರಂಕಿಗಿಂತ ಭಾರ. ನಲವತ್ತು ವರ್ಷದಿಂದ ನನ್ನ ಹೆಂಡತಿ ಅದರ ಮೇಲೆ ಚಳಿಗೆ ಹೊದೆಯುವ ರಜಾಯಿಗಳನ್ನು ಒಟ್ಟುತ್ತಾ ಬಂದಿದ್ದಾಳೆ. ಗಿಟಾರ್ ಬಾರಿಸುವವರು ನಮ್ಮ ವಂಶದಲ್ಲೇ ಇಲ್ಲ. ಅದು ನನ್ನ ಗೆಳೆಯನದು. "ವಾಪಸ್ ಕೊಟ್ಟುಬಿಡಬಾರದೇ?" ಎಂದು ಅವಳು ವರ್ಷಕ್ಕೊಮ್ಮೆ, ರಜಾಯಿ ಇಳಿಸುವಾಗ, ಕೇಳುತ್ತಾಳೆ. "ವಾಲ್ವ್ ಸಿಕ್ಕಲಿ" ಎಂದು ನಾನು ವರ್ಷಕ್ಕೊಮ್ಮೆ ಹೇಳುತ್ತೇನೆ.

ಹಳೆಯ ರೇಡಿಯೋವನ್ನು ಬಿಚ್ಚಿ ನೋಡಿದವರಿಗೆ ವಾಲ್ವ್ ಗೊತ್ತು. ಗಾಜಿನ ಸೀಸೆ, ಒಳಗೆ ಕೆಂಡದಂಥ ಒಂದು ಎಳೆ, ಅದರ ಸುತ್ತ ತಗಡಿನ ಅಂಗಿ. ಸ್ವಿಚ್ ಹಾಕಿದ ಕೂಡಲೇ ಹಾಡುವ ಜಾತಿಯಲ್ಲ ಅದು. ಅರ್ಧ ನಿಮಿಷ ನಮ್ಮನ್ನು ಕಾಯಿಸಿ, ತಾನು ಕಾದು, ಆಮೇಲೆ ದನಿ ತೆಗೆಯುತ್ತದೆ. ಗಿಟಾರ್ ಆಂಪ್ಲಿಫೈಯರಿನಲ್ಲಿ ಸಣ್ಣ ವಾಲ್ವ್‌ಗಳು ದನಿಯನ್ನು ರೂಪಿಸಿದರೆ, ಕೊನೆಯಲ್ಲಿ ಕೂತ ಎರಡು ದೊಡ್ಡ ಪವರ್ ವಾಲ್ವ್‌ಗಳು ಅದನ್ನು ಸಭಾಂಗಣದ ಹಿಂದಿನ ಸಾಲಿಗೆ ಮುಟ್ಟಿಸುತ್ತವೆ. ಇವು ಎರಡು ಏಕೆ ಎಂದರೆ, ಚಿಕ್ಕಂದಿನಲ್ಲಿ ಚಿತ್ರದುರ್ಗದ ಮರದ ಅಡ್ಡೆಯಲ್ಲಿ ನಾನು ನೋಡುತ್ತಾ ನಿಲ್ಲುತ್ತಿದ್ದ ದೊಡ್ಡ ಗರಗಸದ ಹಾಗೆ. ಆಚೆಯವನು ಎಳೆದಾಗ ಈಚೆಯವನು ಬಿಡಬೇಕು, ಈಚೆಯವನು ಎಳೆದಾಗ ಆಚೆಯವನು. ಇಬ್ಬರ ರಟ್ಟೆಯೂ ಸಮನಾಗಿರಬೇಕು. ಒಬ್ಬ ಪೈಲ್ವಾನ, ಒಬ್ಬ ಮುದುಕ ಆದರೆ ಮರದ ಕೊಯ್ತ ಸೊಟ್ಟಗಾಗುತ್ತದೆ, ಇಲ್ಲವೇ ಗರಗಸ ಮುರಿಯುತ್ತದೆ.

ನಾನು ಎಸ್‌ಎಸ್‌ಎಲ್‌ಸಿ ಓದಿದವನು. ಅದರ ಬಲದ ಮೇಲೆ ದಿಲ್ಲಿಗೆ ಬಂದು, ಸರಕಾರಿ ರೇಡಿಯೋ ವರ್ಕ್‌ಶಾಪೊಂದರಲ್ಲಿ ಸ್ಟೋರ್ ಕೀಪರ್ ಆಗಿ, ಸ್ಟೋರ್ ಕೀಪರ್ ಆಗಿಯೇ ನಿವೃತ್ತನಾದೆ. ಮೆಕ್ಯಾನಿಕ್‌ಗಳ ಪಕ್ಕ ಕೂತು ಸ್ವಲ್ಪ ರಿಪೇರಿ ಕಲಿತಿದ್ದೆ. ಅಷ್ಟಕ್ಕೇ ದಿಲ್ಲಿಯ ಕನ್ನಡಿಗರ ಮಧ್ಯೆ ನಾನು ಎಂಜಿನಿಯರ್. ಯಾರ ಮನೆಯ ರೇಡಿಯೋ ಗೊರಗೊರ ಎಂದರೂ ನನಗೆ ಕರೆ, ಹೋದಲ್ಲಿ ಕಾಫಿ, ಉಪ್ಪಿಟ್ಟು. ಇಲ್ಲ, ನಾನು ಬರಿಯ ಸ್ಟೋರ್ ಕೀಪರ್ ಎಂದು ಒಂದು ಸಲವೂ ತಿದ್ದಲಿಲ್ಲ. ಉಪ್ಪಿಟ್ಟು ಅಷ್ಟು ಚೆನ್ನಾಗಿರುತ್ತಿತ್ತು.

ನನ್ನ ಗೆಳೆಯ ಮಂಗಳೂರಿನವನು. ಕೇಂದ್ರ ಸರಕಾರದ ಇನ್ನೊಂದು ಕಚೇರಿಯಲ್ಲಿ ಗುಮಾಸ್ತ. ಚರ್ಚಿನಲ್ಲಿ ಗಿಟಾರ್ ಕಲಿತವನು. ಸಂಘದ ಆರ್ಕೆಸ್ಟ್ರಾದ ಜೀವ ಅವನೇ. ಊರಿಗೆ ಮರಳುತ್ತಿದ್ದ ಯಾರೋ ವಿದೇಶಿಯಿಂದ ಆ ಆಂಪ್ಲಿಫೈಯರ್ ಕೊಂಡು, ಸೈಕಲ್ ರಿಕ್ಷಾದಲ್ಲಿ ಮಗುವಿನಂತೆ ತಬ್ಬಿಕೊಂಡು ತಂದಿದ್ದ. ಭಾನುವಾರದ ಅಭ್ಯಾಸಕ್ಕೆ ನಾನು ಸುಮ್ಮನೆ ಹೋಗಿ ಅದರ ಹಿಂದೆ ಕೂರುತ್ತಿದ್ದೆ. ಅವನ ದನಿ ಎದುರಿಗಿಂತ ಹಿಂದಿನಿಂದಲೇ ಚೆಂದ. ಬೆಚ್ಚಗಿನ ವಾಲ್ವ್‌ಗಳ ವಾಸನೆ, ಅವನ ಎಡಗೈ ತಂತಿಯ ಮೇಲೆ ಜಾರುವ ಸಣ್ಣ ಸದ್ದು, ಆಮೇಲೆ ನನ್ನ ಬೆನ್ನಿನಲ್ಲೇ ಹುಟ್ಟಿದಂತೆ ಬರುವ ಆ ಸ್ವರ. ಅದನ್ನು ಇನ್ನೊಮ್ಮೆ ಕೇಳಲು ನಾನು ಏನು ಬೇಕಾದರೂ ಕೊಟ್ಟೇನು. ಕೊಡಬೇಕಾದದ್ದೊಂದನ್ನು ಬಿಟ್ಟು, ಎಂದು ಇಷ್ಟು ದಿನ ಅಂದುಕೊಂಡಿದ್ದೆ.

ಒಂದು ರಾಜ್ಯೋತ್ಸವಕ್ಕೆ ವಾರವಿರುವಾಗ ಪವರ್ ವಾಲ್ವ್‌ಗಳಲ್ಲಿ ಒಂದು ಸೋತಿತು. ನಮ್ಮ ಸ್ಟೋರಿನಲ್ಲಿ ಅದೇ ನಂಬರಿನ ವಾಲ್ವ್ ಇತ್ತು. ಸ್ಟೋರಿನ ಧರ್ಮ ಒಂದೇ: ಕೆಟ್ಟದ್ದು ಒಂದು ಒಪ್ಪಿಸಿದರೆ ಹೊಸದು ಒಂದು. ನಾನು ಗೆಳೆಯನ ಕೆಟ್ಟ ವಾಲ್ವನ್ನು ಸರಕಾರದ ಪೆಟ್ಟಿಗೆಯಲ್ಲಿಟ್ಟು, ಸರಕಾರದ ಹೊಸ ವಾಲ್ವನ್ನು ಗೆಳೆಯನ ಪೆಟ್ಟಿಗೆಗೆ ತಂದೆ. ಅದು ಕಳ್ಳತನವೆಂದು ಆಗ ಅನ್ನಿಸಲಿಲ್ಲ. ಲೆಕ್ಕ ಸರಿಹೋಗಿತ್ತಲ್ಲ.

"ಎರಡೂ ಬದಲಿಸು ಮಾರಾಯ," ಎಂದ ಅವನು. "ಒಂದು ಕಾಲಿಗೆ ಹೊಸ ಚಪ್ಪಲಿ, ಒಂದು ಕಾಲಿಗೆ ಹಳೆ ಚಪ್ಪಲಿ ಹಾಕಿ ನಡೆಯುದುಂಟಾ?"

ಕೆಟ್ಟಿರುವುದು ಒಂದೇ, ಒಳ್ಳೆಯದನ್ನು ಯಾರಾದರೂ ಬದಲಿಸುತ್ತಾರೆಯೇ ಎಂದೆ. ಗಂಭೀರವಾಗಿ, ಎಂಜಿನಿಯರನಂತೆ ಹೇಳಿದೆ. "ಆಯ್ತು ಸ್ಟೋರ್ ಸಾಹೇಬ್ರೇ," ಎಂದು ಅವನು ಕೈಮುಗಿದು ನಕ್ಕ.

ಕಾರ್ಯಕ್ರಮದಲ್ಲಿ ಎರಡನೆಯ ಹಾಡಿನ ನಡುವೆ ಗಿಟಾರ್ ಸತ್ತಿತು. ವೇದಿಕೆಯ ಹಿಂದಿದ್ದ ನನಗೆ ಕಂಡಿತು: ಹೊಸ ವಾಲ್ವ್ ಹೊರೆಯನ್ನೆಲ್ಲ ತಾನೇ ಎಳೆದು, ಅದರ ತಗಡಿನ ಅಂಗಿ ಕೆಂಪಗೆ ಕಾದಿತ್ತು. ಟ್ರಾನ್ಸ್‌ಫಾರ್ಮರ್ ಸುಟ್ಟು ಹೊಗೆ ಬಂತು. ಸಭೆಯಲ್ಲಿ ಯಾರೋ ಕೂಗಿದರು, ಯಾರೋ ನಕ್ಕರು. ಸ್ವಿಚ್ ಆರಿಸಿ ಬಗ್ಗಿದೆ. ಆಂಪ್ಲಿಫೈಯರಿನ ಬೆನ್ನಿನಿಂದ ಸ್ಪೀಕರಿಗೆ ಗೆಳೆಯ ಸಿಕ್ಕಿಸಿದ್ದ ವೈರು ಬಿಗಿಯಾಗಿಯೇ ಇತ್ತು. ಅದನ್ನು ನನ್ನ ಕೈಯಿಂದಲೇ ಕಳಚಿದೆ. ಆ ಕ್ಷಣಕ್ಕೆ ಸರಿಯಾಗಿ ಸಂಘದ ಕಾರ್ಯದರ್ಶಿಗಳು ಬಂದರು. ಏನಾಯಿತು ಎಂದರು. ಅವರ ಹಿಂದೆ ಗಿಟಾರ್ ನೇತುಹಾಕಿಕೊಂಡೇ ಅವನು ನಿಂತಿದ್ದ.

ವಾಲ್ವ್ ಎಂದರೆ, ಎಲ್ಲಿಂದ ಬಂತು ಎನ್ನುತ್ತಾರೆ. ಸ್ಟೋರ್ ಎಂದರೆ ನೌಕರಿ ಹೋಗುತ್ತದೆ. ಎಂಜಿನಿಯರನ ಪಟ್ಟವಂತೂ ಹೋಗಿಯೇ ಹೋಗುತ್ತದೆ. ಕೈಯಲ್ಲಿದ್ದ ವೈರನ್ನು ಎತ್ತಿ ತೋರಿಸಿದೆ. "ಇದು ಸರಿಯಾಗಿ ಕೂತಿರಲಿಲ್ಲ. ನಡುವೆ ಕಳಚಿಕೊಂಡಿದೆ. ಸ್ಪೀಕರಿಲ್ಲದೆ ಓಡಿದರೆ ಸುಡದೆ ಇನ್ನೇನು?"

ಅವನು ವಿರೋಧಿಸುತ್ತಾನೆ ಎಂದು ಕಾದೆ. ಅವನು ವೈರನ್ನು ನೋಡಿದ, ನನ್ನನ್ನು ನೋಡಿದ, ತನ್ನ ಕೈ ನೋಡಿಕೊಂಡ. "ಇರಬಹುದು ಮಾರಾಯ," ಎಂದ. "ಹಾಕಿದ ನೆನಪುಂಟು. ಆದರೆ ನೀನು ಹೇಳುದಾದರೆ, ಮರ್ತಿರಬೇಕು."

ಅನುಮಾನಿಸಿದ್ದರೆ ಇಷ್ಟು ವರ್ಷ ಸುಡುತ್ತಿರಲಿಲ್ಲ. ಅವನು ನಂಬಿದ.

ಅಂದಿನಿಂದ ಅವನು ವೇದಿಕೆ ಹತ್ತಲಿಲ್ಲ. ರಿಪೇರಿಗೆಂದು ನಾನು ತಂದ ಪೆಟ್ಟಿಗೆಯನ್ನು ನನ್ನ ಮನೆಯಲ್ಲೇ ಬಿಟ್ಟ. ಬೇಸರದ ಮುಖವನ್ನೂ ಮಾಡಲಿಲ್ಲ. ಬದಲಿಗೆ ಅದನ್ನೇ ತನ್ನ ಮೇಲಿನ ತಮಾಷೆ ಮಾಡಿಕೊಂಡ. ಸಂಘದಲ್ಲಿ ಹೊಸಬರು ಬಂದರೆ, "ವೈರು ಹಾಕದೆ ಗಿಟಾರ್ ಬಾರಿಸಿದ ಜಗತ್ತಿನ ಏಕಮಾತ್ರ ಕಲಾವಿದ ನಾನು" ಎಂದು ಪರಿಚಯಿಸಿಕೊಳ್ಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಾನು ನಗುತ್ತಿದ್ದೆ.

ಈಗ ಅವನು ದ್ವಾರಕಾದಲ್ಲಿ ಮಗಳ ಮನೆಯಲ್ಲಿದ್ದಾನೆ. ನಮ್ಮಿಬ್ಬರ ಮನೆಯೂ ಒಂದೇ ನೀಲಿ ಮೆಟ್ರೋ ಲೈನಿನ ಮೇಲೆ. ನಡುವೆ ಇಳಿದು ಗಾಡಿ ಬದಲಿಸುವ ಕಷ್ಟವೂ ಇಲ್ಲ. ಹೋದ ಚಳಿಗಾಲ ಮುಗಿದ ಮೇಲೆ ಹೇಳಿಬಿಡೋಣವೆಂದು ಹೋದೆ. ಮಗಳು ರೀಟಾ ಕಾಫಿ ಕೊಟ್ಟು, ಪಕ್ಕಕ್ಕೆ ಕರೆದು ಹೇಳಿದಳು: "ಪಪ್ಪಾಗೆ ಮರೆವು ಶುರುವಾಗಿದೆ ಅಂಕಲ್. ಡಾಕ್ಟರ್‌ಗೆ ತೋರಿಸೋಣ ಅಂದ್ರೆ ಮಾನ್ತೇ ನಹೀಂ, ಒಪ್ಪೋದೇ ಇಲ್ಲ. ಇದು ನಂಗೆ ಹೊಸದಲ್ಲ, ಆ ಆಂಪ್ಲಿಫೈಯರ್ ಸುಟ್ಟಾಗ್ಲೇ ಇತ್ತು ಅಂತಾರೆ."

ನಾನು ಅವನಿಂದ ಕಸಿದದ್ದು ಗಿಟಾರ್ ಮಾತ್ರ ಎಂದುಕೊಂಡಿದ್ದೆ. ತನ್ನ ನೆನಪಿನ ಮೇಲಿನ ನಂಬಿಕೆಯನ್ನೇ ಅವನು ಅಂದು ನನ್ನ ಕೈಗೆ ಕೊಟ್ಟುಬಿಟ್ಟಿದ್ದ. ಈಗ ನಿಜವಾದ ಮರೆವು ಬಂದಾಗ, ನನ್ನ ಸುಳ್ಳು ಅದಕ್ಕೆ ಬಾಗಿಲು ತೆರೆದು ಕೂರಿಸಿದೆ. ಆದರೂ ಅಂದು ಹೇಳದೆ ಎದ್ದುಬಂದೆ. "ಬರ್ತಾ ಇರು ಸಾಹೇಬ," ಎಂದು ಅವನು ಲಿಫ್ಟಿನವರೆಗೆ ಬಂದ. ಬೀಗ ಹಾಕಿದೆನೇ ಎಂದು ಎರಡು ಸಲ ಹಿಂದಿರುಗಿ ನೋಡಿದ.

ಮರುದಿನವೇ ರಜಾಯಿಗಳನ್ನು ಇಳಿಸಿದೆ. ಟ್ರಾನ್ಸ್‌ಫಾರ್ಮರಿಗೆ ಘಾಜಿಯಾಬಾದಿನ ಒಬ್ಬ ಮುದುಕ ಹೊಸ ತಂತಿ ಸುತ್ತಿ ಕೊಟ್ಟ. ಉಳಿದದ್ದು ವಾಲ್ವ್. ಫೋನಿನಲ್ಲಿ ಹುಡುಕಿದರೆ ಅದರಲ್ಲಿ ಪಂಡಿತರ ಸಂತೆಯೇ ಇದೆ. ರಷ್ಯಾದ್ದು ಗಟ್ಟಿ, ಚೀನಾದ್ದು ಚುರುಕು, ಹಳೆಯ ಮಿಲಿಟರಿ ದಾಸ್ತಾನಿನದು ಕೆನೆಯ ಹಾಗೆ ನುಣುಪು. ಇವರು ಹೇಳುವುದು ದನಿಯನ್ನೋ ಮೊಸರನ್ನೋ ತಿಳಿಯದು. ಎರಡು ತಿಂಗಳು ಹೋಲಿಸಿದೆ, ಬರೆದುಕೊಂಡೆ, ಅಳಿಸಿದೆ. ಕ್ಷಮೆ ಕೇಳಬೇಕಾದವನಿಗೆ ವಾಲ್ವ್ ಆರಿಸುವುದಕ್ಕಿಂತ ಒಳ್ಳೆಯ ಉದ್ಯೋಗವಿಲ್ಲ. ಅದು ಮುಗಿಯುವುದೇ ಇಲ್ಲ.

ಕೊನೆಗೆ ಕೆಂಪುಕೋಟೆಯ ಎದುರಿನ ಮಾರುಕಟ್ಟೆಗೆ ಹೋದೆ. ಬೆಂಕಿಪೆಟ್ಟಿಗೆಯಷ್ಟು ಅಂಗಡಿ, ಅದರಲ್ಲಿ ನನ್ನ ವಯಸ್ಸಿನ ಸರ್ದಾರ್ಜಿ. ಎಲ್ಲಕ್ಕಿಂತ ಬಲವಾದದ್ದು ಕೊಡಿ ಎಂದೆ. ಅವರು ಕೇಳಿಸದವರಂತೆ ಒಂದೊಂದೇ ವಾಲ್ವನ್ನು ಮೀಟರಿಗೆ ಸಿಕ್ಕಿಸಿ, ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡುತ್ತಾ ಹೋದರು. ಮುಳ್ಳು ತುಂಬ ಮೇಲೆ ಹಾರಿದ್ದನ್ನು ಪಕ್ಕಕ್ಕಿಟ್ಟರು. ಸಾಧಾರಣ ಎತ್ತರದಲ್ಲಿ, ಒಂದೇ ಗೆರೆಯ ಮೇಲೆ ನಿಂತ ಎರಡನ್ನು ಆರಿಸಿ ರಬ್ಬರ್ ಬ್ಯಾಂಡ್ ಹಾಕಿದರು. ಒಂದು ಮಾತ್ರ ಕೆಟ್ಟರೂ ಎರಡೂ ಬದಲಿಸಬೇಕೇ ಎಂದು, ಗೊತ್ತಿದ್ದೂ ಕೇಳಿದೆ. ಬದಲಿಸಲೇಬೇಕು ಎಂದರು. ನಲವತ್ತು ವರ್ಷದ ಹಿಂದೆಯೇ ನನ್ನ ದೋಸ್ತ್ ಇದನ್ನು ಹೇಳಿದ್ದ ಎಂದೆ.

"ಸಮಜ್‌ದಾರ್ ಆದ್ಮಿ ಥಾ," ಎಂದರು ಅವರು. ತಿಳಿದವನಾಗಿದ್ದ ಎಂದು.

"ಥಾ ನಹೀಂ, ಹೈ," ಎಂದೆ. ಈಗಲೂ ಇದ್ದಾನೆ ಎಂದು ಹೇಳಿದಾಗ ನನ್ನ ಕಾಲಿಗೆ ಹೇಗೋ ಅವಸರ ಬಂತು.

ಮನೆಗೆ ತಂದು ಎರಡನ್ನೂ ಕೂರಿಸಿದೆ. ಅರ್ಧ ನಿಮಿಷ ಕಾದೆ. ಧೂಳು ಬೆಚ್ಚಗಾದ ಆ ಹಳೆಯ ವಾಸನೆ ಬಂತು. ಗಿಟಾರ್ ಇಲ್ಲದವನು ಮಾಡುವುದನ್ನೇ ಮಾಡಿದೆ. ಗಿಟಾರಿಗೆ ಸಿಕ್ಕಿಸುವ ವೈರಿನ ತುದಿಗೆ ಬೆರಳು ಮುಟ್ಟಿಸಿದೆ. ಗುಂಯ್ ಎಂದು ಕೋಣೆ ತುಂಬಿತು. ಹೆಂಡತಿ ಅಡಿಗೆಮನೆಯಿಂದ ಬಂದು, "ಕೊನೆಗೂ ವಾಲ್ವ್ ಸಿಕ್ಕಿತೇ?" ಎಂದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬಗ್ಗಿ ಸ್ವಿಚ್ ಆರಿಸಿದಳು. ಆಮೇಲೆ, ಶನಿವಾರ ಟ್ಯಾಕ್ಸಿಗೆ ಹೇಳಿ, ನಾನೂ ಬರುತ್ತೇನೆ, ಎಂದಳು.

ಎದುರಿಗೇ ಹೇಳಬಹುದಲ್ಲ, ಪತ್ರಿಕೆಯಲ್ಲಿ ಏಕೆ ಎಂದು ನೀವು ಕೇಳಬಹುದು. ಎದುರಿಗೂ ಹೇಳುತ್ತೇನೆ. ಆದರೆ ಬಾಯಿಮಾತನ್ನು ಅವನು ಭಾನುವಾರದ ಹೊತ್ತಿಗೆ ಮರೆಯಬಹುದು, ಮತ್ತೆ ಆ ಹಳೆಯ ತಮಾಷೆಯನ್ನೇ ಹೇಳಬಹುದು. ಅಚ್ಚಾದದ್ದು ಹಾಗಲ್ಲ. ನಮ್ಮ ಪತ್ರಿಕೆಯನ್ನು ಅವನು ಪೆನ್ಸಿಲ್ ಹಿಡಿದು, ತಪ್ಪುಗಳಿಗೆ ಸುತ್ತು ಹಾಕುತ್ತಾ, ಜಾಹೀರಾತನ್ನೂ ಬಿಡದೆ ಓದುತ್ತಾನೆ. ಮರೆತಾಗಲೆಲ್ಲ ತೆಗೆದು ಓದಲಿ. ಈ ಪುಟದಲ್ಲಿ ಸುತ್ತು ಹಾಕಬೇಕಾದ ತಪ್ಪು ಒಂದೇ ಇದೆ, ಅದು ನನ್ನದು.

ಅಂದು ವೈರು ಸರಿಯಾಗಿಯೇ ಇತ್ತು. ನೀನು ಮರೆತಿರಲಿಲ್ಲ, ಸಿಪ್ರಿಯನ್.