ಎಡಕ್ಕೆ ತಿರುಗುವ ಹಳಿ

"ಮೊಮ್ಮಗನಿಗಾ ಮೇಡಮ್?" ಎಂದರು ಅಂಗಡಿಯವರು.

"ನನಗೇ," ಎಂದೆ.

ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿರುವ ಆಟದ ರೈಲಿನ ಅಂಗಡಿ ಅದು. ಆಟದ ರೈಲು ಅಂದರೆ ಅವರಿಗೆ ಕೋಪ, ಮಾಡೆಲ್ ಅನ್ನಬೇಕಂತೆ. ಸರಿ, ಮಾಡೆಲ್. ಅವರು ನನ್ನ ನರೆತ ತಲೆಯನ್ನೂ ಕೈಯಲ್ಲಿದ್ದ ತರಕಾರಿ ಚೀಲವನ್ನೂ ನೋಡಿ ಇನ್ನೇನೋ ಕೇಳಲು ಬಾಯಿ ತೆರೆದರು. ನಾನು ಬಿಡಲಿಲ್ಲ. "ಒಂದು ಪಾಯಿಂಟ್ ಬೇಕು. ಗಾಡಿ ಸುತ್ತೋದು ಬಿಟ್ಟು ಪಕ್ಕದ ಹಳಿಗೆ ಹೋಗೋ ಹಾಗೆ. ತೋರಿಸಿ," ಎಂದೆ.

ಅದು ನನಗೆ ಯಾಕೆ ಬೇಕಾಯಿತು ಎಂದು ಹೇಳಿಬಿಡುತ್ತೇನೆ. ಬಸವನಗುಡಿಯ ನಮ್ಮ ಮನೆಯಲ್ಲಿ ಮಹಡಿಯ ಮೇಲೆ ಓರಗಿತ್ತಿಯ ಸಂಸಾರ, ಕೆಳಗೆ ನಾನು. ನಡುವಿನ ಹಜಾರ ಇಬ್ಬರದೂ. ದಸರಾ ಬಂತೆಂದರೆ ಆ ಹಜಾರದಲ್ಲಿ ಬೊಂಬೆ ಕೂರಿಸುತ್ತೇವೆ. ಎಲ್ಲರ ಮನೆಯಲ್ಲೂ ರಾಜ ರಾಣಿಯ ಪಟ್ಟದ ಬೊಂಬೆ ಮೇಲಿನ ಮೆಟ್ಟಿಲಲ್ಲಿ ನಿಂತರೆ, ನಮ್ಮಲ್ಲಿ ಮಾತ್ರ ಅತ್ತೆಯ ಕಾಲದ ಗಿಡ್ಡ ಕಾಲಿನ ದೊಡ್ಡ ಹಲಗೆಯ ನಡುವೆ. ಅದರ ಸುತ್ತ ರೈಲು ಓಡಬೇಕು ಎಂಬುದು ನನ್ನ ಯಜಮಾನರ ಹಟವಾಗಿತ್ತು. ಬೊಂಬೆ ನನ್ನ ಮದುವೆಯಲ್ಲಿ ತವರಿನವರು ಕೊಟ್ಟದ್ದು, ರೈಲು ಅವರದು. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿದ ಹಾಗೆ ಬಲಕ್ಕೇ ಸುತ್ತುತ್ತಿತ್ತು. ಎಲ್ಲೂ ನಿಲ್ಲುತ್ತಿರಲಿಲ್ಲ, ನಿಲ್ಲಲು ಸ್ಟೇಷನ್ನೇ ಇರಲಿಲ್ಲ.

ಯಜಮಾನರು ಹೋದರು. ಆ ವರ್ಷ ಹಬ್ಬವಿಲ್ಲ. ಮರುವರ್ಷ ಶ್ರಾವಣದಲ್ಲೇ ಓರಗಿತ್ತಿ ಮೆಟ್ಟಿಲಿಳಿದು ಬಂದರು. ನನಗಿಂತ ದೊಡ್ಡವರು, ಅಕ್ಕ ಎಂದೇ ನಾನು ಕರೆಯುವುದು. ಬಹಳ ಮೆತ್ತಗೆ ಮಾತಾಡಿದರು.

"ಬೊಂಬೆ ಈ ಸಲ ನಾನೇ ಕೂರಿಸ್ತೀನಿ ಕಣೇ. ಆರತಿ ಹೊತ್ತಿಗೆ ನೀನು ಅಡುಗೆಮನೇಲಿ ಉಸ್ಲಿ ನೋಡ್ಕೊಂಡ್ಬಿಡು. ಮುತ್ತೈದೆಯರು ಬಂದಿರ್ತಾರೆ. ಯಾರಾದ್ರೂ ಏನಾದ್ರೂ ಅಂದ್ಬಿಟ್ರೆ ನಿನಗೇ ಬೇಜಾರು."

ನನ್ನ ಬೇಜಾರಿನ ಮೇಲೆ ಎಷ್ಟು ಕಾಳಜಿ ನೋಡಿ! ಮೈಯೆಲ್ಲ ಉರಿದುಹೋಯಿತು. ಮಾವ ಹೋದಮೇಲೆ ನಮ್ಮತ್ತೆಯೂ ಅಡುಗೆಮನೆಯ ಬಾಗಿಲ ಹಿಂದೆ ನಿಂತೇ ಆರತಿ ಹಾಡು ಕೇಳುತ್ತಿದ್ದರು. ಬಾಗಿಲ ಹಿಂದಿನ ಆ ಜಾಗವನ್ನು ಈಗ ನನಗೆ ವಹಿಸಿಕೊಡಲಾಗುತ್ತಿತ್ತು. ನನ್ನ ಮದುವೆಯ ಬೊಂಬೆ, ನನ್ನ ಗಂಡನ ರೈಲು, ನಾನು ಮಾತ್ರ ಉಸ್ಲಿ ಕಾಯಬೇಕು! ನಾನೇನು ಸತ್ತಿದ್ದೀನಾ?

"ಬೊಂಬೆ ನೀವೇ ಕೂರಿಸಿ ಅಕ್ಕ," ಎಂದೆ. "ರೈಲು ಓಡಿಸೋರು ಯಾರು?"

ಅವರು ಯೋಚನೆಗೆ ಬಿದ್ದರು. ಮಹಡಿಯವರಿಗೆ ಯಾರಿಗೂ ಆ ವೈರು, ಕಂಟ್ರೋಲರ್ ಮುಟ್ಟುವ ಧೈರ್ಯವಿಲ್ಲ. ರೈಲಿಲ್ಲದಿದ್ದರೆ ಬಂದವರು ಕೇಳದೆ ಬಿಡುವುದಿಲ್ಲ. "ಹೂಂ, ರೈಲು ನೀನು ನೋಡ್ಕೋ. ಆ ಮೂಲೇಲಿ ಕೂತ್ಕೋ," ಎಂದರು.

ಮೂಲೆಯಾದರೆ ಮೂಲೆ. ಆ ಮೂಲೆಗೆ ಒಂದು ಸ್ಟೇಷನ್ ಮಾಡಿಯೇ ತೀರಬೇಕು ಎಂದು ಅವತ್ತೇ ನಿಶ್ಚಯಿಸಿದೆ. ಪಾಯಿಂಟ್ ಬೇಕಾಗಿದ್ದು ಅದಕ್ಕೆ.

ಅಂಗಡಿಯವರು ಎರಡು ಥರದ್ದು ಮುಂದಿಟ್ಟರು. ಒಂದರಲ್ಲಿ ಹಳಿಗೆ ಹಳಿ ಸೇರುವ ಮೂಲೆ ಪ್ಲಾಸ್ಟಿಕ್ಕಿನದು, ಇನ್ನೊಂದರಲ್ಲಿ ಪೂರ್ತಿ ಲೋಹ. ಪ್ಲಾಸ್ಟಿಕ್ಕಿನದು ಹಾಕುವುದು ಸುಲಭ. ಆದರೆ ಗಿಡ್ಡ ಎಂಜಿನ್ ನಿಧಾನವಾಗಿ ಬಂದರೆ ಆ ಮೂಲೆಯಲ್ಲಿ ಕರೆಂಟ್ ಸಿಗದೆ ನಿಂತುಬಿಡುತ್ತದೆ. ನಮ್ಮದು ಗಿಡ್ಡ ಎಂಜಿನ್, ನನಗೆ ಬೇಕಾದದ್ದೂ ನಿಧಾನ. ಎಲ್ಲರೆದುರು ಅದು ಅರ್ಧದಲ್ಲಿ ನಿಲ್ಲುವುದು, ನಾನು ಬೆರಳಿಂದ ತಳ್ಳುವುದು, ಅವರೆಲ್ಲ ಅಯ್ಯೋ ಪಾಪ ಅನ್ನುವುದು, ಸತ್ತರೂ ಬೇಡ. "ಲೋಹದ್ದೇ ಕೊಡಿ. ಎಡಕ್ಕೆ ತಿರುಗೋದು," ಎಂದೆ.

"ಎಡದ್ದು ಖಾಲಿ ಮೇಡಮ್. ಬಲದ್ದು ತೊಗೊಂಡ್ಹೋಗಿ. ಗಾಡೀನ ಉಲ್ಟಾ ಸುತ್ತಿಸಿದ್ರಾಯ್ತು, ಅಷ್ಟೇ."

ಅಷ್ಟೇ ಅಂತೆ! ಬಲಕ್ಕೆ ಸುತ್ತುವ ಗಾಡಿ ಸುತ್ತಿನಿಂದ ಹೊರಬಿದ್ದು ನನ್ನ ಮೂಲೆಗೆ ಬರಬೇಕಾದರೆ ಎಡಕ್ಕೇ ಹೊರಳಬೇಕು. ಉಲ್ಟಾ ಸುತ್ತಿದರೆ ಅಪ್ರದಕ್ಷಿಣೆ. ಓರಗಿತ್ತಿಗೆ ಅಷ್ಟು ನೆಪ ಸಾಕು, ನನ್ನನ್ನೂ ರೈಲನ್ನೂ ಒಟ್ಟಿಗೆ ಒಳಗೆ ಕಳಿಸಿಬಿಡುತ್ತಾರೆ. ಅಲ್ಲದೆ ನನ್ನ ಜಗಳ ಏನಿದ್ದರೂ ಅಕ್ಕನ ಜೊತೆ, ದೇವರ ಜೊತೆಯಲ್ಲ. "ಎಡದ್ದೇ ತರಿಸಿ," ಎಂದು ಹೇಳಿ ಬಂದೆ. ಆಮೇಲೆ ಬಿಡದೆ ಫೋನ್ ಮಾಡಿ ಅವರ ತಲೆ ತಿಂದೆ. ಕೊನೆಗೊಂದು ದಿನ ಅವರೇ ಮಾಡಿದರು: "ಬಂತು ಮೇಡಮ್. ದಯವಿಟ್ಟು ಬಂದು ತೊಗೊಂಡ್ಹೋಗ್ಬಿಡಿ."

ಗೇಣುದ್ದದ ವಸ್ತು. ಅದರೊಳಗೆ ಚೂಪಾದ ಎರಡು ಪುಟ್ಟ ಹಳಿಗಳು, ಎರಡನ್ನೂ ಜೋಡಿಸುವ ಒಂದು ಪಟ್ಟಿ. ಆ ಪಟ್ಟಿಯನ್ನು ಒಂದು ಕಡಲೆಬೇಳೆಯಷ್ಟು ಸರಿಸಿದರೆ ಸಾಕು, ಗಾಡಿಯ ದಾರಿಯೇ ಬದಲು. ಸರಿಸಲು ಮೋಟಾರ್ ಕೂಡ ಇದೆ ಎಂದರು. ಬೇಡವೆಂದೆ. ದಾರಿ ತಿರುಗಿಸುವ ಕೆಲಸ ನನ್ನ ಕೈಯಿಂದಲೇ ಆಗಬೇಕಿತ್ತು.

ಸೈಕಲ್ ಅಂಗಡಿಯಿಂದ ಒಂದು ಚಕ್ರದ ಕಡ್ಡಿ ತಂದು ತುದಿ ಬಗ್ಗಿಸಿದೆ. ಅದು ಹಲಗೆಯ ಅಡಿಯಲ್ಲಿ ಬಂದು, ತೂತಿನಿಂದ ಮೇಲೆದ್ದು ಆ ಪಟ್ಟಿಯನ್ನು ಹಿಡಿಯಬೇಕು. ಅಂದರೆ ಹಲಗೆ ಕೊರೆಯಲೇಬೇಕು. ಯಜಮಾನರ ಡ್ರಿಲ್ ಹೊರಗೆ ತೆಗೆದೆ. ಸದ್ದಿಗೆ ಓರಗಿತ್ತಿ ದಡದಡ ಇಳಿದು ಬಂದರು.

"ಅಯ್ಯಯ್ಯೋ! ಅತ್ತೆ ಹಲಗೆಗೆ ತೂತು ಹಾಕ್ತಿದೀಯಲ್ಲೇ! ತಲೆ ಕೆಟ್ಟಿದೆಯೇನೇ ನಿನಗೆ?"

"ಅತ್ತೆ ಇದ್ದಿದ್ರೆ ಅವರೇ ಬಂದು ಹಲಗೆ ಹಿಡ್ಕೊಳ್ತಿದ್ರು ಅಕ್ಕ. ನೀವು ಸ್ವಲ್ಪ ಆ ಕಡೆ ಹಿಡ್ಕೊಳ್ಳಿ, ಅಲ್ಲಾಡ್ತಿದೆ."

ಹಿಡಿದುಕೊಳ್ಳಲಿಲ್ಲ. ಬಿಡುಗಣ್ಣಿನಿಂದ ನೋಡುತ್ತ ನಿಂತರು, ಆಮೇಲೆ ಮಹಡಿ ಹತ್ತಿದರು.

ಪಾಯಿಂಟ್ ಕೂರಿಸಿ ಓಡಿಸಿದೆ. ಸುತ್ತುವಾಗ ಸರಿಯಾಗಿಯೇ ಓಡಿತು. ಕಡ್ಡಿ ಎಳೆದು ಎಡಕ್ಕೆ ತಿರುಗಿಸಿದೆನೋ ಇಲ್ಲವೋ, ಎಲ್ಲ ಬಂದ್! ಕಂಟ್ರೋಲರಿನ ದೀಪವೂ ಆರಿತು. ಹಾಳಾದ್ದು, ಲೋಹದ್ದು ಬೇಕೆಂದು ಹಟ ಹಿಡಿದದ್ದು ನಾನೇ ತಾನೆ! ಫೋನ್ ಮಾಡಿದರೆ ಅಂಗಡಿಯವರು ನಕ್ಕರು. ಎರಡೂ ಕಡೆಯ ಕರೆಂಟ್ ಆ ಲೋಹದ ಮೂಲೆಯಲ್ಲಿ ಡಿಕ್ಕಿ ಹೊಡೆದು ಶಾರ್ಟ್ ಆಗುತ್ತದಂತೆ. ಮೂಲೆ ದಾಟಿದ ಕಡೆ ಹಳಿಗಳ ನಡುವಿನ ತಗಡಿನ ಜೋಡಣೆ ಕಿತ್ತು ಪ್ಲಾಸ್ಟಿಕ್ಕಿನದು ಹಾಕಬೇಕು. ಹಾಕಿದೆ. ಎಂಜಿನ್ ನಿಧಾನವಾಗಿ ಬಂದು, ಆ ಮೂಲೆಯನ್ನು ತಡವರಿಸದೆ ದಾಟಿ, ಎಡಕ್ಕೆ ಹೊರಳಿ ನನ್ನ ಮೊಣಕಾಲ ಹತ್ತಿರ ನಿಂತಿತು. ಒಬ್ಬಳೇ ಕೂತು ಚಪ್ಪಾಳೆ ಹೊಡೆದೆ.

ಹಬ್ಬದ ಹಿಂದಿನ ದಿನ ಓರಗಿತ್ತಿಗೆ ಹೇಳಿದೆ: "ಈ ಸಲ ಅರಿಸಿನ ಕುಂಕುಮ ರೈಲಲ್ಲೇ ಕಳಿಸೋಣ್ವಾ ಅಕ್ಕ? ಹಿಂದೆ ತೆರೆದ ಬೋಗಿ ಇದೆ, ಎರಡು ಪುಟ್ಟ ಬಟ್ಟಲು ಇಟ್ರಾಯ್ತು." ಅವರ ಮುಖ ಅರಳಿತು. "ಒಳ್ಳೇ ಐಡಿಯಾ ಕಣೇ! ಎಲ್ರೂ ಇದನ್ನೇ ಮಾತಾಡ್ಕೋಬೇಕು," ಎಂದರು. ಎಡಗಡೆಯ ಹಳಿ ಎಲ್ಲಿಗೆ ಹೋಗಿ ಮುಗಿಯುತ್ತದೆ ಎಂದು ಅವರು ನೋಡಲೇ ಇಲ್ಲ.

ಮರುದಿನ ಸಂಜೆ ಬೀದಿಯ ಹೆಂಗಸರು ಬಂದು ಹಲಗೆಯ ಸುತ್ತ ಕೂತರು. ಆರತಿಯಾಯಿತು. ನಾನು ಹಜಾರದ ನನ್ನ ಮೂಲೆಯಲ್ಲೇ ಕೂತು ಹಾಡಿಗೆ ದನಿಗೂಡಿಸಿದೆ. ಆಮೇಲೆ ರೈಲು ಹೊರಟಿತು. ಒಬ್ಬೊಬ್ಬರ ಮುಂದೆ ನಿಲ್ಲಿಸಿದೆ. ಒಬ್ಬೊಬ್ಬರೂ ನಗುತ್ತ ಕುಂಕುಮ ತೆಗೆದುಕೊಂಡರು. "ಅಯ್ಯೋ ಎಷ್ಟು ಚೆನ್ನಾಗಿದೇರೀ!" ಎಂದು ಒಬ್ಬರು ಮೊಬೈಲ್ ಹಿಡಿದರು. ಓರಗಿತ್ತಿಯೂ ಹಚ್ಚಿಕೊಂಡರು. ರೈಲು ಮುಂದಕ್ಕೆ ಸರಿಯಿತು. ಇನ್ನು ಉಳಿದದ್ದು ನಾನು.

"ಸಾಕು, ಎಲ್ಲರದೂ ಆಯ್ತಲ್ಲ," ಎಂದು ಓರಗಿತ್ತಿ ಬಟ್ಟಲು ಎತ್ತಿಕೊಳ್ಳಲು ಕೈ ಚಾಚಿದರು. "ನಿಲ್ಸೇ."

ನಾನು ಕಡ್ಡಿ ಎಳೆದೆ. ಟಕ್ ಅಂದಿತು. ಅವರ ಕೈ ಹಳಿಗೆ ಬರುವಷ್ಟರಲ್ಲಿ ರೈಲು ಎಡಕ್ಕೆ ಹೊರಳಿತ್ತು. ಮೆಲ್ಲಗೆ ಬಂದು ನನ್ನ ಮುಂದೆ ನಿಂತಿತು. ಉಂಗುರ ಬೆರಳು ಅದ್ದಿ, ಎಲ್ಲರೂ ನೋಡುತ್ತಿದ್ದ ಹಾಗೆ, ಹಣೆಗೆ ಕುಂಕುಮ ಇಟ್ಟುಕೊಂಡೆ. ಚುಕ್ಕಿಯಲ್ಲ, ಕಾಸಗಲ.

"ಏನೇ ಇದು?" ಎಂದರು ಓರಗಿತ್ತಿ.

"ಸ್ಟೇಷನ್ ಅಕ್ಕ. ಇಲ್ಲಿ ಗಾಡಿ ನಿಲ್ಲತ್ತೆ."

ಆ ಹಳಿಗೆ ಮುಂದೆ ದಾರಿಯಿಲ್ಲ. ಮತ್ತೆ ಸುತ್ತಿಗೆ ಸೇರಬೇಕಾದರೆ ರೈಲು ಹಿಂದಕ್ಕೆ ಬರಲೇಬೇಕು. ಕಂಟ್ರೋಲರ್ ಹಿಂದಕ್ಕೆ ತಿರುಗಿಸಿದೆ. ರಾಜ ರಾಣಿಯರ ಮುಂದೆ ರೈಲು ಎಡದಿಂದ ಬಲಕ್ಕೆ ಹಿಮ್ಮೆಟ್ಟುವುದನ್ನು ನೋಡಿ ಓರಗಿತ್ತಿ ಹಲ್ಲು ಕಚ್ಚಿ ಪಿಸುಗುಟ್ಟಿದರು: "ಅಪ್ರದಕ್ಷಿಣೆ ಆಗ್ತಿದೆ ಕಣೇ!"

"ಒಂದು ಮೊಳ," ಎಂದೆ. "ಆಗ್ಲಿ ಬಿಡಿ."