ನೀಲಕ್ಕ ತಂದ ಎಂಟನೇ ಇಯತ್ತೆ

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಬಾಯಿಗೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಬನಹಟ್ಟಿಯಲ್ಲಿ ಕರೆಂಟು ಹೋದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಲ್ಲುತ್ತವೆ. ಆಮೇಲೆ ಗುಬ್ಬಿಯ ಸದ್ದು, ಕುಕ್ಕರಿನ ಸೀಟಿ, ಪಕ್ಕದ ಮನೆಯ ಅತ್ತೆ ಸೊಸೆಯರ ಮಾತುಕತೆ ಎಲ್ಲ ಪುಕ್ಕಟೆ ಕೇಳಸಿಗುತ್ತವೆ. ನಾನು ಎದ್ದವನೇ ಗೂಟದ ಮೇಲಿನ ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿ, ಹೊಸ್ತಿಲ ತನಕ ಹೋಗಿದ್ದೆ.

"ಎಲ್ಲಿಗಿ ಹೊಂಟ್ರಿ ಬಿಸಲಾಗ?" ಎಂದಳು ಹೆಂಡತಿ.

"ಮೀಟಿಂಗಿಗಿ" ಎಂದೆ.

"ಯವ್ವಾ! ಯಾವ ಮೀಟಿಂಗ್ರಿ? ಆ ಮೀಟಿಂಗ ಮುಗದು ಯಾವ ಕಾಲ ಆತು! ಮಗಳ ಲಗ್ನ ಆಗಿ ಕೂಸೂ ಆತು, ಇವರ ಮೀಟಿಂಗ ಇನ್ನೂ ಮುಗದಿಲ್ಲ."

ನೀವು ನಗಬಹುದು. ನನಗೂ ನಗು ಬಂತು, ಅರ್ಧ. ಒಂದು ಕಾಲದಲ್ಲಿ ನಾನು ನಮ್ಮ ಓಣಿಯ ಕನ್ನಡ ಸಾಲೆಯ ಸಮಿತಿಯ ಮೆಂಬರ್ ಆಗಿದ್ದೆ. ಸಾಲೆಯ ಮೇಲೆ ಪಾಲಕರೇ ಕಣ್ಣಿಡಬೇಕು ಎಂದು ಸರಕಾರ ಹೊಸದಾಗಿ ಮಾಡಿದ ಸಮಿತಿ. ನಮ್ಮದು ಊರ ಅಂಚಿನ ನೇಕಾರರ ಓಣಿ. ಮಗ್ಗ ನಡೆಯುವಾಗ ಯಾರನ್ನು ಕರೆದರೂ ಏಳುವುದಿಲ್ಲ. ಹೀಗಾಗಿ ನಮ್ಮ ಸಮಿತಿಗೆ ವಾರವಿಲ್ಲ, ವೇಳೆಯಿಲ್ಲ. ಕರೆಂಟು ಹೋದರೆ ಮೀಟಿಂಗು, ಬಂದರೆ ಮುಕ್ತಾಯ. ಮಾತು ಎಲ್ಲಿಗೇ ಬಂದಿರಲಿ, ದೂರದಲ್ಲಿ ಒಂದು ಮಗ್ಗ ಖಟ್ ಎಂದರೆ ಎಲ್ಲರೂ ಧೋತರ ಝಾಡಿಸಿಕೊಂಡು ಎದ್ದೇಬಿಡುತ್ತಿದ್ದರು. ಒಮ್ಮೆ ಸಂಡಾಸದ ವಿಷಯ ಹಾಗೆ ಅರ್ಧಕ್ಕೆ ನಿಂತು, ಪಾಪ, ಮಕ್ಕಳು ಮಳೆಗಾಲವೆಲ್ಲ ಕಾದವು.

ಮಗ್ಗದವರು ಮಾತಾಡುವುದನ್ನು ನೀವು ಕೇಳಿದ್ದೀರೋ ಇಲ್ಲವೋ. ದಿನವಿಡೀ ಸದ್ದಿನ ಮೇಲೆ ಸದ್ದು ಮಾಡಿ ಅವರ ದನಿ ಇಳಿಯುವುದನ್ನೇ ಮರೆತಿರುತ್ತದೆ. ಸಾಲೆಯ ಕಟ್ಟೆಯ ಮೇಲೆ ಕೂತು ನಾವು ಮಾಡುವ ಮೀಟಿಂಗಿಗೆ ಒಳಗೆ ಮೂರೂ ಕೋಣೆಯ ಪಾಠ ನಿಲ್ಲುತ್ತಿತ್ತು. ಹೆಡ್‌ಮಾಸ್ತರರು ಕೈಮುಗಿದು, "ಸ್ವಲ್ಪ ಸಾವಕಾಶ ಮಾತಾಡ್ರಿ, ಮಕ್ಕಳು ಪಾಠ ಬಿಟ್ಟು ನಿಮ್ಮ ಠರಾವು ಬರಕೊಳ್ಳಾಕತ್ತಾವ" ಎನ್ನುತ್ತಿದ್ದರು. ನಾನೊಬ್ಬನೇ ಮೆಲ್ಲಗೆ ಮಾತಾಡುವವ. ನೂಲಿನ ಅಂಗಡಿಯ ಗುಮಾಸ್ತ ನೋಡಿ, ಸಾಹುಕಾರರ ಮುಂದೆ ದನಿ ತಗ್ಗಿಸಿ ತಗ್ಗಿಸಿ ಕಡೆಗೆ ದನಿಯೇ ಉಳಿಯದಂತಾಗಿತ್ತು. ಅದಕ್ಕೇ ನನಗೆ ಬರೆಯುವ ಕೆಲಸ ಕೊಟ್ಟಿದ್ದರು.

ಎಲ್ಲರಿಗಿಂತ ದೊಡ್ಡ ದನಿ ನಮ್ಮ ಅಧ್ಯಕ್ಷೆ ನೀಲಕ್ಕನದು. ಗಂಡನಿಲ್ಲದ ಹೆಂಗಸು. ಮನೆಯಲ್ಲಿ ಎರಡು ಮಗ್ಗ, ಒಬ್ಬಳೇ ಮಗಳು ಕಸ್ತೂರಿ. ತಲೆಗೂದಲಲ್ಲಿ ಯಾವಾಗಲೂ ನೂಲಿನ ಧೂಳು. ಹೆಸರಿಗೊಬ್ಬ ಹೆಂಗಸು ಇರಲಿ ಎಂದು ಆಕೆಯನ್ನು ಕುರ್ಚಿಯ ಮೇಲೆ ಕೂರಿಸಿದವರೇ ಆಮೇಲೆ ಆಕೆ ಬರುವುದನ್ನು ಕಂಡರೆ ಸಂದಿ ಹಿಡಿಯತೊಡಗಿದರು. ತಡವಾಗಿ ಬರುವ ಮಾಸ್ತರರನ್ನು ಬಾಗಿಲಲ್ಲೇ ನಿಲ್ಲಿಸಿ, "ಬಸ್ ತಪ್ಪಿತ್ತೋ, ನಿದ್ದಿ ತಪ್ಪಲಿಲ್ಲೋ?" ಎಂದು ಕೇಳಿದವಳು ಆಕೆ.

ಆದರೆ ನೀಲಕ್ಕನ ತಲೆಯಲ್ಲಿದ್ದದ್ದು ಒಂದೇ, ಎಂಟನೇ ಇಯತ್ತೆ. ನಮ್ಮ ಸಾಲೆ ಏಳನೇ ತರಗತಿಗೇ ಮುಗಿಯುತ್ತಿತ್ತು. ಮುಂದೆ ಕಲಿಯಲು ಪೇಟೆ ದಾಟಿ ಹೈಸ್ಕೂಲಿಗೆ ಹೋಗಬೇಕು. ಗಂಡುಹುಡುಗರು ಹೋಗುತ್ತಿದ್ದರು. ಹೆಣ್ಣುಮಕ್ಕಳಿಗೆ, "ದೊಡ್ಡಾಕಿ ಆದ್ಲು, ಪ್ಯಾಟಿ ದಾಟಿ ಹ್ಯಾಂಗ ಕಳಸೂದು?" ಎಂದು ಮನೆಯಲ್ಲೇ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ಕೂರಿಸುತ್ತಿದ್ದರು. ಬೇಸಿಗೆ ರಜೆ ಮುಗಿದು ಸಾಲೆ ಶುರುವಾದ ದಿನ ಓಣಿಯಲ್ಲಿ ನಡೆದರೆ, ಮಾರ್ಚ್ ತನಕ ಪದ್ಯ ಒಪ್ಪಿಸುತ್ತಿದ್ದ ಹುಡುಗಿಯರು ಬಾಗಿಲ ಬಾಗಿಲಲ್ಲಿ ಕೂತು ರಾಟಿ ತಿರುಗಿಸುವುದು ಕಾಣುತ್ತಿತ್ತು. ಎಂಟನೇ ಇಯತ್ತೆ ಓಣಿಗೇ ಬಂದರೆ ಒಂದು ವರ್ಷವಾದರೂ ಹೆಚ್ಚು ಕಲಿಯುತ್ತವೆ, ಎಂಟು ದಾಟಿದವರನ್ನು ಹತ್ತಕ್ಕೆ ಮುಟ್ಟಿಸುವುದು ಸಲೀಸು ಎಂಬುದು ನೀಲಕ್ಕನ ವಾದ. ಆಕೆ ಮನೆಮನೆಗೆ ಹೋಗಿ ತಾಯಂದಿರನ್ನು ಕೂರಿಸಿಕೊಂಡು ಮಾತಾಡಿದಳು. "ನಿನ್ನ ಮಗಳನ್ನ ಕಳಸ್ತೀಯಿಲ್ಲೋ? ನಿನ್ನ ಬಾಯಿಂದ ಹೂಂ ಅನ್ನು, ಆಮ್ಯಾಲ ಏಳ್ತೇನಿ" ಎಂದು ಹಟ ಹಿಡಿದು ಕೂಡುತ್ತಿದ್ದಳು.

ಜಮಖಂಡಿಯ ಶಿಕ್ಷಣ ಇಲಾಖೆಯ ಆಫೀಸಿಗೆ ನಾನೂ ಜೊತೆಗೆ ಹೋಗಿದ್ದೆ. ಹೋದದ್ದಷ್ಟೇ, ಬಾಯಿ ತೆರೆದದ್ದಿಲ್ಲ. ಸಾಹೇಬರು ಒಳ್ಳೆಯವರೇ. "ಮೊದಲು ಒಂದು ಕೋಣೆ ತೋರಸ್ರಿ ತಾಯಿ. ಮುಂದಿನ ವರ್ಷ ಖಂಡಿತ ನೋಡೋಣ" ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ನೀಲಕ್ಕ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದಳು. ಯಾಕೆಂದು ನನಗೆ ಆಗ ಹೊಳೆಯಲಿಲ್ಲ. ಸಮಿತಿಯ ನಿಯಮ ಹೀಗಿತ್ತು: ಮಗು ಸಾಲೆಯಲ್ಲಿರುವ ತನಕ ಮಾತ್ರ ಪಾಲಕರು ಸಮಿತಿಯಲ್ಲಿ. ಕಸ್ತೂರಿ ಆ ವರ್ಷ ಏಳನೆಯದರಲ್ಲಿದ್ದಳು. ಅವಳು ಪಾಸಾಗಿ ಹೊರಟರೆ ತಾಯಿಯೂ ಕುರ್ಚಿ ಬಿಟ್ಟು ಏಳಬೇಕು. ಉಳಿದ ನಾವೆಲ್ಲ ಸಾಹೇಬರ ಎದುರು ನಿಂತರೆ ನಾಲಿಗೆ ಒಣಗುವ ಮಂದಿ.

ಪರೀಕ್ಷೆಯ ಹೊತ್ತಿಗೆ ನೀಲಕ್ಕನ ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿದ್ದು ಕಂಡಿತು. ಕಸ್ತೂರಿಗೆ ಅಮ್ಮ ಬಂದಿದ್ದಾಳೆ ಎಂದು ಓಣಿಯೆಲ್ಲ ಸುದ್ದಿ. ಮೈಮೇಲೆ ಅಮ್ಮನ ಗುಳ್ಳೆ ಎದ್ದ ಮನೆಗೆ ನಮ್ಮಲ್ಲಿ ಯಾರೂ ಕಾಲಿಡುವುದಿಲ್ಲ, ಹೇಗಿದ್ದಾಳೆ ಎಂದು ಜೋರಾಗಿ ವಿಚಾರಿಸುವುದೂ ಇಲ್ಲ. ಹೆಡ್‌ಮಾಸ್ತರರು ದೂರದಿಂದಲೇ ಕೈಮುಗಿದು ಬಂದರು. "ಎಂಥಾ ಹುಡುಗಿ, ಮೊದಲ ನಂಬರ ಬರಾಕಿ" ಎಂದು ಮರುಗಿದರು. ನನ್ನ ಹೆಂಡತಿ ಹರಕೆ ಹೊತ್ತಳು. ಪರೀಕ್ಷೆ ಬರೆಯದ ಹುಡುಗಿ ಮತ್ತೆ ಏಳನೆಯದರಲ್ಲೇ ಉಳಿದಳು.

ಜೂನಿನಲ್ಲಿ ಹರಕೆಯ ಕಾಯಿ ಒಡೆದು ಪ್ರಸಾದ ಕೊಟ್ಟು ಬಂದ ನನ್ನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಅಲ್ರೀ, ಆ ಹುಡುಗಿ ಮಾರಿ ಮ್ಯಾಲ ಒಂದ ಗುಳ್ಳಿ ಕಲಿನೂ ಇಲ್ಲ. ಹಾಲ ಹಂಗ ಐತಿ" ಎಂದಳು. ದೇವಿ ದೊಡ್ಡಾಕಿ ಎಂದೆ ನಾನು. ನನ್ನ ಜಾಣತನ ಅಷ್ಟಕ್ಕೇ.

ಸಾಹೇಬರು ಕೇಳಿದ ಕೋಣೆ ಕಟ್ಟುವಾಗ ನಿಜ ತಿಳಿಯಿತು. ಕರೆಂಟಿಲ್ಲದ ಹೊತ್ತಿನಲ್ಲಿ ನೇಕಾರರೇ ಇಟ್ಟಿಗೆ ಹೊರುತ್ತಿದ್ದರು. ಗೋಡೆ ಎದೆಯ ಎತ್ತರಕ್ಕೆ ಬಂದಿತ್ತು. ನೀಲಕ್ಕ ನನ್ನ ಪಕ್ಕ ಬಂದು ನಿಂತಳು. ಆಕೆ ದನಿ ತಗ್ಗಿಸಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ತಮ್ಮಾ, ನಿನಗರೆ ಖರೆ ಹೇಳ್ತೇನಿ. ಕಸ್ತೂರಿಗಿ ಅಮ್ಮ ಬಂದಿದ್ದಿಲ್ಲ."

ನಾನು ಇಟ್ಟಿಗೆಯ ಲೆಕ್ಕ ಬಿಟ್ಟು ಆಕೆಯ ಕಡೆ ತಿರುಗಿದೆ.

"ಅಕಿ ದಾಟಿದ್ರ ನಾ ಇಳೀಬೇಕಾಗ್ತಿತ್ತು. ನಾ ಇಳದ್ರ ಈ ಗ್ವಾಡಿ ಏಳ್ತಿತ್ತೇನು? ಒಂದ ವರ್ಷ ಅಲ್ಲ? ಬರೂ ವರ್ಷ ಇದ ಕೋಣ್ಯಾಗ ಎಲ್ಲಾರಕಿಂತ ಮುಂದ ಕುಂದರ್ತಾಳ."

"ಕಸ್ತೂರಿಗಿ ಗೊತ್ತೈತೇನು?"

"ಸಣ್ಣ ಹುಡಗಿ. ಅದಕ್ಕೇನ ತಿಳೀತೈತಿ" ಎಂದು ಇಟ್ಟಿಗೆ ಎತ್ತಿಕೊಂಡು ನಡೆದಳು.

ಕಸ್ತೂರಿ ಆ ವರ್ಷವೆಲ್ಲ ತನಗಿಂತ ಸಣ್ಣವರ ನಡುವೆ, ಹಿಂದಿನ ಸಾಲಿನಲ್ಲಿ ಕೂತಳು. ಒಂದು ದಿನವೂ ತಪ್ಪಿಸಲಿಲ್ಲ. ಮಾತು ಕಡಿಮೆಯಾಯಿತು ಎಂದು ಮಾಸ್ತರರು ಹೇಳುತ್ತಿದ್ದರು. ಈ ಸಲ ಪರೀಕ್ಷೆ ಬರೆದಳು, ಮೊದಲ ನಂಬರಿನಲ್ಲೇ ಪಾಸಾದಳು. ಎಂಟನೇ ಇಯತ್ತೆಗೂ ಮಂಜೂರಾತಿ ಬಂತು. ಹೊಸ ಕೋಣೆಗೆ ತೋರಣ ಕಟ್ಟಿದ ದಿನ ಓಣಿಯ ಹುಡುಗಿಯರೆಲ್ಲ ಎಣ್ಣೆ ಹಚ್ಚಿ ಜಡೆ ಹೆಣೆದುಕೊಂಡು ಬಂದರು. ಕಸ್ತೂರಿ ಬರಲಿಲ್ಲ. ನಾನೇ ಕರೆಯಲು ಹೋದೆ. ಅವಳು ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ನೀಲಕ್ಕ ಅವಳ ಕೈ ಹಿಡಿದು ಎಳೆಯುತ್ತಿದ್ದಳು.

"ನಾ ಒಲ್ಲೆ" ಎಂದಳು ಕಸ್ತೂರಿ. ಅಷ್ಟೇ. ಅಳಲಿಲ್ಲ, ಜಗಳಾಡಲಿಲ್ಲ. ಮನೆಮನೆಗೆ ಹೋಗಿ ಓಣಿಗೆಲ್ಲ ಹೂಂ ಅನ್ನಿಸಿದ ಹೆಂಗಸಿಗೆ ಆ ಹುಡುಗಿಯ ಬಾಯಿಂದ ಮತ್ತೊಂದು ಮಾತು ಹೊರಡಿಸಲಾಗಲಿಲ್ಲ. ಮಗಳು ಸಾಲೆಯಲ್ಲಿಲ್ಲ ಎಂದಮೇಲೆ ನೀಲಕ್ಕನ ಕುರ್ಚಿಯೂ ಹೋಯಿತು. ಆಮೇಲೆ ಆಕೆ ಆ ಕಟ್ಟೆಯ ಕಡೆ ಬರಲೇ ಇಲ್ಲ.

ನನ್ನ ಮಗಳು ಅದೇ ಕೋಣೆಯಲ್ಲಿ ಎಂಟನೆಯದನ್ನು ಓದಿದಳು. ಆಮೇಲೆ ಹೈಸ್ಕೂಲು, ಆಮೇಲೆ ನರ್ಸಿಂಗು. ಈಗ ಮುಧೋಳದ ದವಾಖಾನೆಯಲ್ಲಿದ್ದಾಳೆ. ಓಣಿಯಲ್ಲಿ ಅಂಥವರು ಮನೆಗೊಬ್ಬರು ಸಿಗುತ್ತಾರೆ.

ನೀಲಕ್ಕ ತೀರಿಹೋಗಿ ಇನ್ನೂ ತಿಂಗಳು ತುಂಬಿಲ್ಲ. ನಾನು ಆಗ ಮಗಳ ಮನೆಯಲ್ಲಿದ್ದೆ, ಮಣ್ಣಿಗೆ ಹೋಗಲಾಗಲಿಲ್ಲ. ಮೊನ್ನೆ ಹೆಂಡತಿ ಬೈದ ಮೇಲೂ ತೊಟ್ಟ ಅಂಗಿ ಬಿಚ್ಚಲು ಮನಸ್ಸಾಗದೆ ನೆಟ್ಟಗೆ ಅವರ ಮನೆಗೇ ನಡೆದೆ. ಕಸ್ತೂರಿ ಗಂಡನೊಂದಿಗೆ ಅದೇ ಮನೆಯಲ್ಲಿದ್ದು ಅವೇ ಮಗ್ಗ ನಡೆಸುತ್ತಾಳೆ. ಚಹಾ ತಂದಿಟ್ಟಳು. ಏನು ಮಾತಾಡಬೇಕೋ ತಿಳಿಯದೆ, "ನಿಮ್ಮವ್ವ ಇರಲಿಲ್ಲಂದ್ರ ನನ್ನ ಮಗಳು ಕಲೀತಿದ್ದಿಲ್ಲವಾ" ಎಂದೆ.

"ಗೊತ್ತೈತ್ರಿ ಕಾಕಾ" ಎಂದಳು. "ಅವ್ವ ಮಾಡಿದ್ದು ತಪ್ಪ ಅನ್ನಂಗಿಲ್ಲ ನಾ. ಆದ್ರ ಒಂದ ಮಾತ ನನ್ನ ಕೇಳಬೇಕಿತ್ತು. ಕೇಳಿದ್ರ ಆ ಬೇವಿನ ತಪ್ಪಲ ನಾನ ಕಟ್ಟತಿದ್ನಿ."

ಚಹಾ ಕುಡಿದು ಎದ್ದು ಬಂದೆ.

ಅವತ್ತು ಸಂಜೆ ಮುಧೋಳಕ್ಕೆ ಫೋನು ಹಚ್ಚಿದೆ. ಮಗಳು ಗಾಬರಿಯಾಗಿ, "ಯಾಕಪಾ, ಆರಾಮ ಇದ್ದೀ ಇಲ್ಲೋ?" ಎಂದಳು. ಆರಾಮ ಇದ್ದೇನೆ ಎಂದೆ. ಆಮೇಲೆ ಕೇಳಿದೆ: "ನಿನ್ನ ಕೇಳದ ನಾವು ಏನರೆ ಮಾಡೇವೇನವಾ?"

ಆ ಕಡೆ ಅವಳು ಕೂಸಿನ ತೊಟ್ಟಿಲು ತೂಗುವ ಸದ್ದು ಕೇಳಿಸಿತು. ಆಮೇಲೆ, "ಊಟ ಆತೇನಪಾ?" ಎಂದಳು.