ಕಮಾನುಮನೆಗೆ ಸುಣ್ಣ ಹೊಡೆದ ಬೇಸಿಗೆ

ಆಗೆಲ್ಲ ಬೇಸಿಗೆ ರಜೆಯ ಮಧ್ಯಾಹ್ನ ಮಕ್ಕಳು ಎಲ್ಲಿ ಹೋದರು ಎಂದು ನಮ್ಮೂರಿನಲ್ಲಿ ಯಾರೂ ಹುಡುಕುತ್ತಿರಲಿಲ್ಲ. ಕಮಾನುಮನೆಯಲ್ಲಿ ಇರುತ್ತೇವೆಂದು ಎಲ್ಲರಿಗೂ ಗೊತ್ತಿತ್ತು. ಕತ್ತಲಗೆರೆಯ ಆಚೆಗಿನ ನಮ್ಮೂರಿನ ಅಂಚಿನಲ್ಲಿದ್ದ ಆ ಕಲ್ಲಿನ ಕಟ್ಟಡ ಯಾವ ಕಾಲದಲ್ಲೋ ದಾರಿಹೋಕರು ತಂಗಲೆಂದು ಕಟ್ಟಿಸಿದ್ದು. ಎದುರಿಗೆ ಮೂರು ಚೂಪು ಕಮಾನು, ಒಳಗೆ ಬಾಗಿದ ಕಲ್ಲಿನ ಸೂರು. ಹೊರಗೆ ನೆಲ ಸುಡುವಾಗಲೂ ಒಳಗೆ ತಂಪು. ಆಡಿನ ಹಿಕ್ಕೆ, ಬಾವಲಿ, ಒಣಹುಲ್ಲು ಮೂರೂ ಸೇರಿದ ವಾಸನೆ. ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳನ್ನು ಅಲ್ಲಿ ಕೂತು ತಿಂದರೆ ಹಲ್ಲು ಚುಳ್ಳೆನ್ನುತ್ತಿದ್ದುದು ಈಗಲೂ ನೆನಪಿದೆ.

ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಸವಿತತ್ತೆಯೂ ನಮ್ಮ ಜೊತೆ ಕಮಾನುಮನೆಗೆ ಬರತೊಡಗಿದಳು. ಅವಳು ಅಪ್ಪನ ಕೊನೆಯ ತಂಗಿ. ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ಕಟ್ಟಡ ವಿನ್ಯಾಸ ಓದುತ್ತಿದ್ದಳು. ಕೊನೆಯ ವರ್ಷಕ್ಕೆ ಹಳೆಯದೊಂದು ಕಟ್ಟಡವನ್ನು ಅಳೆದು, ಕಲ್ಲು ಕಲ್ಲನ್ನೂ ಚಿತ್ರದಲ್ಲಿ ತೋರಿಸಬೇಕಿತ್ತಂತೆ. ಅವಳು ನಮ್ಮ ಕಮಾನುಮನೆಯನ್ನೇ ಆರಿಸಿಕೊಂಡಿದ್ದಳು. ಏಣಿ ಹತ್ತಿ ಟೇಪು ಹಿಡಿಯುವುದು ಅವಳು, ಕೆಳಗಿನ ತುದಿ ಹಿಡಿಯುವುದು ನಾನು.

ಅವಳ ಬಳಿ ಜೆರಾಕ್ಸ್ ಮಾಡಿಸಿದ ಕೆಲವು ಹಾಳೆಗಳಿದ್ದವು. ಪ್ರತಿ ಹಾಳೆಯಲ್ಲಿ ಒಂದು ಕಮಾನಿನ ಚಿತ್ರ, ಒಂದೊಂದು ಭಾಗಕ್ಕೂ ಒಂದು ಗೆರೆ, ಗೆರೆಯ ತುದಿಗೆ ಎರಡು ಹೆಸರು. ಒಂದು ಇಂಗ್ಲಿಷಿನದು, ಇನ್ನೊಂದು ಜರ್ಮನ್. ಜರ್ಮನಿಯಿಂದ ಒಬ್ಬ ಪ್ರೊಫೆಸರಮ್ಮ ಬರುವವರಿದ್ದರು. ಹಳೆಯ ಕಲ್ಲುಕಟ್ಟಡಗಳನ್ನು ಓದುವುದೇ ಅವರ ಕೆಲಸ. ವಿದ್ಯಾರ್ಥಿಗಳು ಅಳೆದ ಕಟ್ಟಡಗಳನ್ನು ಅವರು ನೋಡಿ, ಅವುಗಳಲ್ಲಿ ಒಂದನ್ನು ಆರಿಸಿ, ಅದನ್ನು ಅಳೆದವರನ್ನು ಎರಡು ವರ್ಷ ತಮ್ಮ ಊರಿಗೆ ಓದಲು ಕರೆಸಿಕೊಳ್ಳುತ್ತಾರೆ. ಅತ್ತೆಗೆ ಹೋಗಬೇಕಿತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ ರೊಟ್ಟಿ ತಟ್ಟುವಾಗಲೂ ಅವಳ ತುಟಿ ಆ ಹೆಸರುಗಳನ್ನು ಉರುಹಾಕುತ್ತಿತ್ತು.

"ಬೋಗನ್ ಅಂದ್ರೆ?" ಎಂದು ಅತ್ತೆ ನನ್ನನ್ನು ಕೇಳುತ್ತಿದ್ದಳು.

"ಕಮಾನು."

"ಷ್ಪಿಟ್ಸ್‌ಬೋಗನ್?"

"ಚೂಪು ಕಮಾನು. ನಮ್ದು."

"ಟೊನ್ನನ್‌ಗೆವೊಲ್ಬೆ?"

ಬಾಯಿತುಂಬ ಮಾವಿನಕಾಯಿ ಇಟ್ಟುಕೊಂಡು ಆ ಪದವನ್ನು ತಿರುಗಿ ಹೇಳಲು ಹೋಗಿ ನಾನು ಕೆಮ್ಮುತ್ತಿದ್ದೆ. ಉದ್ದಕ್ಕೆ ಸೀಳಿದ ಪೀಪಾಯಿಯನ್ನು ಬೋರಲು ಹಾಕಿದಂಥ ಸೂರು ಅದು. ಇಂಗ್ಲಿಷಿನಲ್ಲೂ ಅದಕ್ಕೆ ಪೀಪಾಯಿಯದೇ ಹೆಸರು ಎಂದಳು ಅತ್ತೆ. ಕಮಾನಿನ ನೆತ್ತಿಯ ಕಲ್ಲು ಇಂಗ್ಲಿಷರಿಗೆ ಕೀಲಿಕಲ್ಲು, ಜರ್ಮನ್ನರಿಗೆ ಮುಗಿಸುವ ಕಲ್ಲು. ಕಮಾನು ಬಾಗಲು ಶುರುವಾಗುವ ಕಡೆ ಇರುವ ಕಲ್ಲಿಗೆ ಜರ್ಮನ್ನರು ಕೆಂಪ್ಫರ್ ಎನ್ನುತ್ತಾರೆ, ಹಾಗೆಂದರೆ ಕಾದಾಡುವವನು ಎಂದೂ ಹೇಳಿದಳು. ಆ ಪದದ ಮೂಲ ಬೇರೆ ಎಂದು ನನಗೆ ತಿಳಿದದ್ದು ಬಹಳ ಮುಂದೆ. ಆಗ ಮಾತ್ರ, ಮೇಲಿನ ಭಾರವನ್ನೆಲ್ಲ ಹೊತ್ತು ಸುಮ್ಮನೆ ನಿಂತ ಆ ಕಲ್ಲುಗಳ ಮೇಲೆ ನನಗೆ ಗೌರವ ಬಂದಿತ್ತು.

"ನಿಲ್ಲು ಇಲ್ಲಿ. ಅಂಗೈಗೆ ಅಂಗೈ ಕೊಡು. ಈಗ ನನ್ ಮೇಲೆ ವಾಲು," ಎನ್ನುತ್ತಿದ್ದಳು. ಇಬ್ಬರೂ ವಾಲಿದಾಗ ನಮ್ಮ ನಡುವೆ ಒಂದು ಕಮಾನಾಗುತ್ತಿತ್ತು. ಉಳಿದ ಹುಡುಗಿಯರು ಕಿರುಚುತ್ತ ಅದರಡಿ ನುಸುಳುತ್ತಿದ್ದರು. "ನೀನು ಬಿಟ್ರೆ ನಾನು ಬೀಳ್ತೀನಿ, ನಾನು ಬಿಟ್ರೆ ನೀನು. ಕಮಾನು ಅಂದ್ರೆ ಇಷ್ಟೇ ಕಣೇ."

ಪ್ರೊಫೆಸರಮ್ಮ ಬರುವ ವಾರ ಅತ್ತೆ ದಾವಣಗೆರೆಗೆ ಹೋದಳು. ಅವರ ಜೊತೆಯೇ ಜೀಪಿನಲ್ಲಿ ಊರಿಗೆ ಬರುವುದೆಂದಿತ್ತು. ಅವಳು ಬಸ್ಸು ಹತ್ತಿದ ಮಾರನೆಯ ಬೆಳಿಗ್ಗೆಯೇ ಅಜ್ಜ ಗಾರೆ ಕೆಲಸದ ಬಸಣ್ಣನನ್ನು ಕರೆಸಿದ.

"ಯಜಮಾನ್ರೇ, ಸಂದಿ ಎಲ್ಲ ಬಾಯಿ ಬಿಟ್ಟೈತೆ," ಎಂದ ಬಸಣ್ಣ, ಕಮಾನಿನ ಕಲ್ಲುಗಳನ್ನು ತಟ್ಟಿ ನೋಡಿ. "ಮೊದ್ಲು ಸಿಮೆಂಟ್ ಮೆತ್ತಿ ನೈಸ್ ಮಾಡಿ, ಆಮೇಲೆ ಸುಣ್ಣ ಕೊಡಾನ."

"ಹಂಗೇ ಮಾಡು. ಸುಣ್ಣಕ್ಕೆ ಚೂರು ನೀಲಿ ಹಾಕು. ಕಣ್ಣಿಗೆ ಹೊಡೀಬೇಕು."

ಬುತ್ತಿ ತಂದಿದ್ದ ಅಜ್ಜಿ ನಕ್ಕಳು. "ನಮ್ಮನಿ ಗೋಡೆ ಸುಣ್ಣ ಕಂಡು ಎಷ್ಟು ಯುಗಾದಿ ಆತೋ. ಆಡು ಮಲಗೋ ಮನಿಗೆ ಬಂತು ನೋಡು ಯೋಗ!"

"ನಿಂಗೇನ್ ಗೊತ್ತಾಗ್ತತೆ ಸುಮ್ನಿರು," ಎಂದ ಅಜ್ಜ. "ಹೆಣ್ಣು ನೋಡಾಕೆ ಬರ್ತಾರೆ ಅಂದ್ರೆ ಸುಣ್ಣ ಹೊಡಿಯಲ್ವಾ? ಇವ್ರು ನನ್ ಮಗಳ ಓದು ನೋಡಾಕೆ ಬರ್ತಾ ಇರೋದು. ಅಷ್ಟು ದೂರದಿಂದ ಬಂದ ಯಮ್ಮ ಆಡಿನ ಹಿಕ್ಕೆ ನೋಡ್ಕಂಡು ಹೋಗ್ಲಾ?"

ಊರಿನ ಅರ್ಧ ಜನ ಸೇರಿದರು. ಹುಲ್ಲು ಹೊರಗೆ ಹೋಯಿತು, ನೆಲಕ್ಕೆ ಸಗಣಿ ಬಿತ್ತು. ನಾವು ಮಕ್ಕಳು ಕೊಡದಲ್ಲಿ ನೀರು ಹೊತ್ತೆವು. ಬಸಣ್ಣ ಕಮಾನಿನ ಸುತ್ತ ಕೆಮ್ಮಣ್ಣಿನ ಪಟ್ಟಿ ಎಳೆದು, ನಡುವಿನದರ ಮೇಲೆ 'ಸುಸ್ವಾಗತ' ಎಂದು ಬರೆದ. ಸಂಜೆಯ ಬಿಸಿಲಿಗೆ ಕಮಾನುಮನೆ ಹೊಳೆಯಿತು. ಅದಕ್ಕಿಂತ ಚೆಂದದ್ದನ್ನು ನಾನು ನೋಡಿರಲಿಲ್ಲ.

ಜೀಪು ಬಂದಾಗ ಅಜ್ಜ ಇಸ್ತ್ರಿ ಅಂಗಿ ಹಾಕಿಕೊಂಡು, ಕೈಯಲ್ಲಿ ಹಾರ ಹಿಡಿದು ನಿಂತಿದ್ದ. ಮೊದಲು ಅತ್ತೆಯ ಮೇಷ್ಟ್ರು ಇಳಿದರು, ಆಮೇಲೆ ಬಿಳಿಕೂದಲಿನ ಎತ್ತರದ ಪ್ರೊಫೆಸರಮ್ಮ. ಕೊನೆಗೆ ಅತ್ತೆ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಇನ್ನೂ ಜೀಪಿನಲ್ಲಿ. ಅವಳು ಹಾಗೇ ನಿಂತುಬಿಟ್ಟಳು.

"ಏನವ್ವ, ಹೆಂಗೈತೆ?" ಎಂದು ಅಜ್ಜ ಕೂಗಿದ.

ಅತ್ತೆ ಕಮಾನುಮನೆಯನ್ನು ನೋಡಿದಳು. ಆಮೇಲೆ ಅಜ್ಜನನ್ನು ನೋಡಿದಳು.

"ಚೆನ್ನಾಗೈತೆ ಅಪ್ಪಾ," ಎಂದಳು.

ಪ್ರೊಫೆಸರಮ್ಮ ಹಾರ ಹಾಕಿಸಿಕೊಂಡು, ಕೈಮುಗಿದು, ಕಮಾನಿನ ಹತ್ತಿರ ಹೋದರು. ಕಲ್ಲಿಗೂ ಕಲ್ಲಿಗೂ ನಡುವಿನ ಗೆರೆಯನ್ನು ಬೆರಳಿನಿಂದ ಹುಡುಕಿದರು. ಗೆರೆ ಸಿಗಲಿಲ್ಲ. ಬೆರಳು ಬೆಳ್ಳಗಾಯಿತು. ಅವರು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಮೇಷ್ಟ್ರು ತಲೆ ತಗ್ಗಿಸಿದರು. ಅತ್ತೆ ಉತ್ತರ ಕೊಟ್ಟಳು. ಅದರಲ್ಲಿ 'ಮೈ ಫಾದರ್' ಎಂಬುದಷ್ಟೇ ನನಗೆ ತಿಳಿಯಿತು. ಪ್ರೊಫೆಸರಮ್ಮ ಅಜ್ಜನ ಕಡೆ ತಿರುಗಿ, ಇನ್ನೊಮ್ಮೆ ಕೈಮುಗಿದರು. ನಮ್ಮ ಜಗುಲಿಯಲ್ಲಿ ಕೂತು ಮಂಡಕ್ಕಿ ಒಗ್ಗರಣೆ ತಿಂದು, ಮೆಣಸಿನಕಾಯಿ ಬಜ್ಜಿಗೆ ಕಣ್ಣಲ್ಲಿ ನೀರು ತಂದುಕೊಂಡು, ನಗುತ್ತಲೇ ಹೊರಟರು.

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಅತ್ತೆ ನನ್ನ ಅವ್ವನಿಗೆ ಹೇಳುತ್ತಿದ್ದಳು. ನಾನು ಬಾಗಿಲ ಬಳಿ ಸೊಪ್ಪು ಸೋಸುತ್ತಿದ್ದೆ.

"ಚಿತ್ರ ಚೆನ್ನಾಗವೆ ಅಂದ್ರು ಅತ್ತಿಗೆ. ಆದ್ರೆ ಅವ್ರಿಗೆ ಕಟ್ಟಡ ರಿಪೇರಿ ಮಾಡದೆ ಇದ್ದಂಗೇ ಬೇಕು. ಸಂದಿ ಕಂಡ್ರೇನೇ ಮುಂದಿನ ಕೆಲಸ. ಆ ಸಿಮೆಂಟ್ ಕೀಳಾಕೆ ಹೋದ್ರೆ ಕಲ್ಲೇ ಬರ್ತಾವಂತೆ. ಜಗಳೂರು ಕಡೆ ಒಂದು ಕಮಾನು ಬಾವಿ ಐತೆ, ಅದನ್ನ ತಗಂತಾರೆ. ಅದನ್ನ ಅಳೆದೋಳು ಹೋಗ್ತಾಳೆ."

"ಮಾವಗೆ ಹೇಳ್ತೀಯೇನೇ?"

ಅತ್ತೆ ಒಲೆಗೆ ಕಟ್ಟಿಗೆ ತಳ್ಳಿದಳು.

"ಸೀಟು ಕಮ್ಮಿ ಇದ್ವಂತೆ ಅಂತೀನಿ. ನೀವೂ ಹಂಗೇ ಅನ್ರಿ."

ಎಲ್ಲರೂ ಹಾಗೇ ಅಂದರು. ವರ್ಷಗಟ್ಟಲೆ ಅಂದರು. ಮನೆಗೆ ಯಾರು ಬಂದರೂ ಅಜ್ಜ ಆ ದಿನದ ಕಥೆ ತೆಗೆಯುತ್ತಿದ್ದ. "ಆ ಯಮ್ಮ ನಮ್ಮ ಸುಣ್ಣ ನೋಡಿ ದಂಗಾಗಿ ನಿಂತ್ಲು ಕಣ್ರಿ. ಸೀಟು ಕಮ್ಮಿ ಇದ್ವು, ಇಲ್ಲಾಂದ್ರೆ ಕರ್ಕಂಡೇ ಹೋಗ್ತಿದ್ಲು." ಅತ್ತೆ ಊರಿಗೆ ಬಂದಿದ್ದರೆ ಅಲ್ಲೇ ಕೂತು ಕೇಳುತ್ತಿದ್ದಳು. ಒಮ್ಮೆಯೂ ಎದ್ದು ಹೋಗಲಿಲ್ಲ. ಅಜ್ಜ ಆ ಹೆಮ್ಮೆಯಲ್ಲೇ ಹೋದ.

ಅತ್ತೆ ಈಗ ಹೊನ್ನಾಳಿಯಲ್ಲಿ ಮನೆಗಳ ಪ್ಲಾನು ಬರೆಯುತ್ತಾಳೆ. ಕೈತುಂಬ ಕೆಲಸವಿದೆ. ಎಲ್ಲರಿಗೂ ಬೇಕಾದದ್ದು ಆರ್‌ಸಿಸಿ ಸೂರು, ನೇರ ಕಿಟಕಿ. ಕಮಾನು ಕೇಳುವವರಿಲ್ಲ. ನಾನು ಕಾಲೇಜಿನಲ್ಲಿ ಜರ್ಮನ್ ತೆಗೆದುಕೊಂಡೆ. ಯಾಕೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎಂಎ ಓದುವಾಗ ನಾನು ಒಂದು ಸೆಮಿಸ್ಟರ್ ಜರ್ಮನಿಗೆ ಹೋದೆ. ಒಂದು ಮಧ್ಯಾಹ್ನ ಹಳೆಯ ಚರ್ಚೊಂದರ ನಡುವೆ ನಿಂತು ಅತ್ತೆಗೆ ವೀಡಿಯೊ ಕಾಲ್ ಮಾಡಿ, ಫೋನನ್ನು ಸೂರಿನ ಕಡೆ ತಿರುಗಿಸಿದೆ.

"ಇನ್ನೂ ಮೇಲಕ್ಕೆ ಹಿಡಿಯೇ," ಎಂದಳು. "ಎಡಕ್ಕೆ. ನಿಧಾನ, ನಿಧಾನ."

ಕೈ ಸೋಲುವವರೆಗೆ ಹಿಡಿದೆ. ಲೈನ್ ಕಟ್ಟಾಯಿತೇನೋ ಎಂದು ಫೋನು ಕೆಳಗಿಳಿಸಿ ನೋಡಿದೆ. ಅವಳ ಮುಖ ಪರದೆಯ ತೀರಾ ಹತ್ತಿರವಿತ್ತು, ಕನ್ನಡಕ ಹಣೆಯ ಮೇಲಿತ್ತು. ಅವಳು ನನ್ನನ್ನು ನೋಡುತ್ತಿರಲಿಲ್ಲ.

"ಸಾಕು ಬಿಡು," ಎಂದಳು ಕನ್ನಡಕ ಇಳಿಸಿಕೊಳ್ಳುತ್ತ. "ಅಲ್ಲಿ ಚಳಿ ಐತಾ? ಊಟ ಮಾಡಿದ್ಯಾ?"

ಮಾಡಿದೆ ಎಂದೆ. ಆ ಬೇಸಿಗೆಯಲ್ಲಿ ಏಣಿಯ ಮೇಲಿದ್ದ ಅತ್ತೆಯ ವಯಸ್ಸಿಗಿಂತ ಆಗಲೇ ನಾನು ಒಂದು ವರ್ಷ ದೊಡ್ಡವಳಾಗಿದ್ದೆ.